ಜೇನಮ್ಮನ ಉಪವಾಸ

ಆಶ್‌ಬರ್ನಿನಲ್ಲಿದ್ದ ಯತೀಶ ಮತ್ತು ಮಾಹ್ಲೆತ್ ದಂಪತಿಯ ಟೌನ್‌ಹೌಸಿನಲ್ಲಿ ಜಗಳ ಸಾಮಾನ್ಯವಾಗಿ ಓವನ್ನಿನಿಂದ ಶುರುವಾಗುತ್ತಿತ್ತು. ಚಳಿಗಾಲದಲ್ಲಿ ಹಿಟ್ಟು ಹುಳಿ ಬರಬೇಕಾದರೆ ಅದನ್ನು ಓವನ್ನಿನ ಒಳಗಿಟ್ಟು ದೀಪ ಹಾಕಬೇಕು. ದೋಸೆ ಹಿಟ್ಟಿನ ಪಾತ್ರೆಗೂ ಇಂಜೆರಾ ಹಿಟ್ಟಿನ ಬಕೆಟ್ಟಿಗೂ ಅಲ್ಲಿ ಒಟ್ಟಿಗೆ ಜಾಗ ಸಾಲುತ್ತಿರಲಿಲ್ಲ. ದೋಸೆ ಹಿಟ್ಟು ಯತೀಶನ ತಾಯಿ ಚಂದ್ರಾವತಿಯವರದು. ಅವರು ಬ್ರಹ್ಮಾವರದ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಇಂಜೆರಾ ಎಂಬ ಇಥಿಯೋಪಿಯಾದ ದೊಡ್ಡ ಹುಳಿದೋಸೆಯ ಹಿಟ್ಟು ಯತೀಶನ ಅತ್ತೆ ಝೆನೆಬೆಚ್ ಅವರದು. ಅವರು ಆಡಿಸ್ ಅಬಾಬದಲ್ಲಿ ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿ ಮಗಳ ಮನೆಗೆ ಬಂದವರು.

ಝೆನೆಬೆಚ್ ಎಂಬ ಹೆಸರು ಚಂದ್ರಾವತಿಯವರ ನಾಲಿಗೆಗೆ ಹತ್ತಲಿಲ್ಲ. ಬಂದ ಮೊದಲ ವಾರದಲ್ಲೇ ಅವರು ಬೀಗಿತ್ತಿಯನ್ನು ಜೇನಮ್ಮ ಎಂದು ಕರೆದುಬಿಟ್ಟರು. ಸೊಸೆ ಮಾಹ್ಲೆತ್‌ಳನ್ನಂತೂ ಊರಿನ ನೆಂಟರಿಷ್ಟರಿಗೆಲ್ಲ ಮಾಲತಿ ಎಂದೇ ಪರಿಚಯಿಸಿದ್ದರು. ಜೇನಮ್ಮನೂ ಸುಮ್ಮನಿರಲಿಲ್ಲ. ಬೀಗಿತ್ತಿಯನ್ನು ಚಂದೂ ಎಂದು ಕರೆದು ಲೆಕ್ಕ ಚುಕ್ತಾ ಮಾಡಿದರು. ಇಬ್ಬರೂ ಮಾತಾಡುತ್ತಿದ್ದದ್ದು ಮುರುಕು ಇಂಗ್ಲಿಷಿನಲ್ಲಿ. ನಡುನಡುವೆ ಅವರದು ಅಮ್ಹಾರಿಕ್, ಇವರದು ಕನ್ನಡ. ವರ್ಷಗಳು ಕಳೆದಂತೆ ಕನ್ನಡ ಗೆಲ್ಲುತ್ತ ಬಂದಿತ್ತು, ಏಕೆಂದರೆ ಚಂದ್ರಾವತಿಯವರು ತಪ್ಪು ತಿದ್ದದೆ ಯಾರನ್ನೂ ಬಿಡುತ್ತಿರಲಿಲ್ಲ.

ಆ ವರ್ಷ ಫೆಬ್ರವರಿಯ ಕೊನೆಯಲ್ಲಿ, ಒಂದು ಭಾನುವಾರದ ಊಟದ ಹೊತ್ತಿಗೆ ಎದ್ದ ಜಗಳ ಮಾತ್ರ ಹಿಟ್ಟಿನದಲ್ಲ.

ಮಾಹ್ಲೆತ್ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ರಜೆಯ ದಿನಗಳಲ್ಲಿ ಆಫ್ರಿಕಾದಿಂದ ಬಂದ ಹೆಂಗಸರ ಸಂಘವೊಂದಕ್ಕೆ ದುಡಿಯುತ್ತಿದ್ದಳು. ಚರ್ಚುಗಳು, ಜಡೆ ಹೆಣೆಯುವ ಸಲೂನುಗಳು, ಇಥಿಯೋಪಿಯನ್ ಅಂಗಡಿಗಳು, ಎಲ್ಲಿ ಹತ್ತು ಹೆಂಗಸರು ಸೇರುತ್ತಾರೋ ಅಲ್ಲಿ ನಿಂತು ಸ್ತನ ಕ್ಯಾನ್ಸರಿನ ಬಗ್ಗೆ ಮಾತಾಡುತ್ತಿದ್ದಳು. ನಮ್ಮವರು ಆ ಹೆಸರನ್ನೇ ಬಾಯಲ್ಲಿ ತರುವುದಿಲ್ಲ, ಗಂಟು ಕೈಗೆ ಸಿಕ್ಕಿದರೂ ಮುಚ್ಚಿಡುತ್ತಾರೆ, ಆಸ್ಪತ್ರೆಗೆ ಬರುವಾಗ ತಡವಾಗಿರುತ್ತದೆ ಎನ್ನುತ್ತಿದ್ದಳು. ಜೇನಮ್ಮ ಪ್ರತಿಸಲವೂ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಸ್ವಂತಕ್ಕೆ ಒಂದು ಸಲವೂ ಪರೀಕ್ಷೆ ಮಾಡಿಸಿಕೊಂಡವರಲ್ಲ.

"ಅಮ್ಮಾ, ಗುರುವಾರಕ್ಕೆ ನಿನಗೆ ಮ್ಯಾಮೊಗ್ರಾಮ್ ಬುಕ್ ಮಾಡಿದ್ದೇನೆ," ಎಂದಳು ಮಾಹ್ಲೆತ್, ತೊವ್ವೆ ಬಡಿಸುತ್ತಾ.

"ಗುರುವಾರ ಆಗುವುದಿಲ್ಲ. ಉಪವಾಸ," ಎಂದರು ಜೇನಮ್ಮ.

"ಉಪವಾಸ ಬುಧವಾರ, ಶುಕ್ರವಾರ."

"ಈಗ ದೊಡ್ಡ ಉಪವಾಸ. ಈಸ್ಟರ್‌ವರೆಗೆ ಎಲ್ಲ ದಿನವೂ ಉಪವಾಸ."

"ಮಾಂಸ ತಿನ್ನಬಾರದು, ಹಾಲು ಕುಡಿಯಬಾರದು, ಸರಿ. ಎಕ್ಸ್‌ರೇ ತೆಗೆಸಬಾರದು ಅಂತ ಯಾವ ಪಾದ್ರಿ ಹೇಳಿದ್ದು?"

"ಪಾದ್ರಿಗೆ ಮರೆತಿರಬೇಕು. ನಾನು ಹೇಳುತ್ತಿದ್ದೇನೆ."

"ಎಮಾಮಾ, ಲಾಸ್ಟ್ ಇಯರ್ ಕೂಡ ಸೇಮ್ ಎಕ್ಸ್‌ಕ್ಯೂಸ್," ಎಂದಳು ಮೊಮ್ಮಗಳು ಅಮೂಲ್ಯಾ. ಅವಳಿಗೆ ಹದಿಮೂರು. ಈ ಅಜ್ಜಿಯನ್ನು ಅಮ್ಹಾರಿಕ್ ರೀತಿಯಲ್ಲಿ ಎಮಾಮಾ ಎಂದೂ ಇನ್ನೊಬ್ಬರನ್ನು ಅಜ್ಜಿ ಎಂದೂ ಕರೆಯುತ್ತಿದ್ದಳು.

ಚಂದ್ರಾವತಿಯವರಿಗೆ ತಡೆಯಲಾಗಲಿಲ್ಲ. "ಮಾಲತಿ ಹೇಳುದು ಸರಿ ಉಂಟು ಜೇನಮ್ಮ. ಊರಿಗೆಲ್ಲ ಬುದ್ಧಿ ಹೇಳುವ ಮಗಳ ತಾಯಿ ನೀವು. ಹೋಗಿ ಬರ್ಲಿಕ್ಕೆ ಎಂತ ಕಷ್ಟ?"

ಜೇನಮ್ಮ ನಿಧಾನಕ್ಕೆ ಬೆರಳು ಒರೆಸಿಕೊಂಡು ಕೇಳಿದರು: "ಚಂದೂ ಹೋಗಿದ್ದಾಳಾ?"

ಯತೀಶ ತಟ್ಟೆಯ ತೊವ್ವೆಯನ್ನೇ ದಿಟ್ಟಿಸುತ್ತಾ, "ಅಮ್ಮ, ನೀನು ಆ... ಆ ಟೆಸ್ಟು..." ಎಂದ.

"ಯಾವ ಟೆಸ್ಟು ಮಾರಾಯಾ?"

"ಅದೇ. ಹೆಂಗಸರದ್ದು."

"ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗುದಿಲ್ಲ ಇವನಿಗೆ! ಅಷ್ಟು ದೊಡ್ಡ ಡೇಟಾ ಸೆಂಟರ್ ನೋಡಿಕೊಳ್ತಾನಂತೆ," ಎಂದು ಚಂದ್ರಾವತಿಯವರು ಮಗನನ್ನು ಬೈದರು. ಆಮೇಲೆ, "ನನಗೆಂತಕ್ಕೆ? ನಮ್ಮ ಕುಟುಂಬದಲ್ಲಿ ಯಾರಿಗೂ ಅದು ಬರಲಿಲ್ಲ," ಎಂದರು.

"ಅಜ್ಜಿ, ಅದು ಹಾಗೆ ವರ್ಕ್ ಮಾಡಲ್ಲ," ಎಂದಳು ಅಮೂಲ್ಯಾ.

"ನೀನು ಪಲ್ಯ ತಿನ್ನು."

ಜೇನಮ್ಮ ನಕ್ಕರು. ಅದೇ ಚಂದ್ರಾವತಿಯವರಿಗೆ ಚುಚ್ಚಿತು. ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ತಾವು ಮೊದಲು ಮಾಡಿ ತೋರಿಸಿದವರು ಅವರು. ಕೈ ತೊಳೆದು ಬಂದವರೇ ಬೀಗಿತ್ತಿಯ ಎದುರು ನಿಂತರು. "ಸರಿ. ಗುರುವಾರದ ನಿಮ್ಮ ಜಾಗದಲ್ಲಿ ನಾನು ಹೋಗ್ತೇನೆ. ಎಂತ ಆಗುದಿಲ್ಲ ಅಂತ ನೀವೇ ಕಣ್ಣಾರೆ ನೋಡಿ. ನಿಮ್ಮ ಈಸ್ಟರ್ ಮುಗಿದ ಕೂಡಲೇ ನೀವು ಹೋಗ್ಬೇಕು. ಆಣೆ ಮಾಡಿ."

ಬೀಗಿತ್ತಿ ಆಸ್ಪತ್ರೆಯ ಬಾಗಿಲಿನಿಂದಲೇ ವಾಪಸು ಬರುತ್ತಾರೆಂದು ಜೇನಮ್ಮನಿಗೆ ಖಾತ್ರಿಯಿತ್ತು. ಗೋಡೆಯ ಮೇಲಿನ ಕನ್ಯಾ ಮರಿಯಮ್ಮನ ಪಟ ಮುಟ್ಟಿ ಆಣೆ ಮಾಡಿದರು.

ಹೆಸರು ಬದಲಿಸಿ ಬುಕ್ ಮಾಡುವ ಕೆಲಸ ಮಾಹ್ಲೆತ್‌ಳದಾಯಿತು. ಗುರುವಾರ ಇಬ್ಬರು ಅಜ್ಜಿಯರನ್ನೂ ಕಾರಿನಲ್ಲಿ ಕರೆದೊಯ್ದಳು. ಮುಂದೆ ತೆರೆದಿರುವ ಗೌನು ಕೊಟ್ಟಾಗ ಚಂದ್ರಾವತಿಯವರು ಅದನ್ನು ಸೀರೆಯ ಮೇಲೆಯೇ ತೊಟ್ಟು ಹೊರಬಂದರು. ನರ್ಸು ಮತ್ತೆ ಒಳಗೆ ಕಳಿಸಿದಳು. ಅರ್ಧ ಗಂಟೆಯ ನಂತರ ಅವರು ಸೆರಗು ಸರಿಮಾಡಿಕೊಳ್ಳುತ್ತಾ ಗೆದ್ದವರ ಹಾಗೆ ಬಂದರು.

"ಎಂತ ಇಲ್ಲ! ಸೇಮಿಗೆ ಒತ್ತಿದ ಹಾಗೆ ಒತ್ತುತ್ತಾರೆ. ಸ್ವಲ್ಪ ನೋವು. ಆಮೇಲೆ ಬಿಡ್ತಾರೆ. ಇಷ್ಟಕ್ಕೆ ನೀವು ಇಷ್ಟು ವರ್ಷ ಹೆದರಿದ್ದಾ?"

ಜೇನಮ್ಮನ ಮುಖ ಸಣ್ಣದಾಯಿತು. ದಾರಿಯಿಡೀ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಆ ದಿನ ದೋಸೆ ಹಿಟ್ಟಿಗೆ ಓವನ್ ತಾನಾಗಿ ಸಿಕ್ಕಿತು.

ಮುಂದಿನ ವಾರ ಫೋನ್ ಬಂತು. ಇನ್ನೊಮ್ಮೆ ಚಿತ್ರ ತೆಗೆಯಬೇಕಂತೆ ಎಂದಳು ಮಾಹ್ಲೆತ್. ಅವಳ ದನಿಯಲ್ಲಿನ ವಿಪರೀತ ಸಹಜತೆ ಯತೀಶನಿಗೆ ತಿಳಿಯಿತು, ತಾಯಿಗೆ ತಿಳಿಯಲಿಲ್ಲ.

"ಫೋಟೋ ಸರಿ ಬರಲಿಲ್ಲವಾ? ಉಸಿರು ಹಿಡಿಯಿರಿ ಅಂದ್ಲು, ನಾನು ಮಾತಾಡ್ತಾ ಇದ್ದೆ. ಅದಕ್ಕೇ."

ಫೋಟೋ ಸರಿಯಾಗಿಯೇ ಬಂದಿತ್ತು. ಇನ್ನೊಂದು ಚಿತ್ರವಾಯಿತು, ಸೂಜಿ ಹಾಕಿ ತುಣುಕು ತೆಗೆದದ್ದಾಯಿತು. ಎಡಭಾಗದಲ್ಲಿ ಕಡಲೆಬೇಳೆಯಷ್ಟು ಗಂಟು. ಕ್ಯಾನ್ಸರ್. ಬಹಳ ಬೇಗ ಸಿಕ್ಕಿದೆ, ಗಂಟು ಮಾತ್ರ ತೆಗೆದು ಕೆಲವು ವಾರ ರೇಡಿಯೇಷನ್ ಕೊಟ್ಟರೆ ಸಾಕು ಎಂದು ಡಾಕ್ಟರು ಹೇಳಿದಾಗ, ಬೇಗ ಎಂಬ ಮಾತು ಯತೀಶನ ಕಿವಿಗೆ ಬೀಳಲೇ ಇಲ್ಲ. ಪಾರ್ಕಿಂಗಿನಲ್ಲಿ ತಮ್ಮ ಕಾರು ಯಾವುದೆಂದು ತಿಳಿಯದೆ ಅವನು ಇನ್ನಾರದೋ ಬಿಳಿ ಕಾರಿನ ಬಾಗಿಲು ಎಳೆಯುತ್ತಾ ನಿಂತ. ಚಂದ್ರಾವತಿಯವರೇ ಅವನ ತೋಳು ಹಿಡಿದು, "ನಮ್ಮದು ನೀಲಿ ಅಲ್ವಾ ಪುಟ್ಟಾ," ಎಂದರು.

ಮನೆಗೆ ಬಂದು ಕಾಫಿ ಕುಡಿದ ಮೇಲೆ ಅವರು ಅಪ್ಪಣೆ ಹೊರಡಿಸಿದರು. "ಊರಿಗೆ ಯಾರೂ ಫೋನ್ ಮಾಡಿ ಹೇಳ್ಬಾರದು. ಇಲ್ಲಿ ಕನ್ನಡ ಸಂಘದವರಿಗಂತೂ ಸುದ್ದಿ ಹೋಗ್ಲೇಬಾರದು."

"ಯಾಕೆ ಅತ್ತೆ?" ಎಂದಳು ಮಾಹ್ಲೆತ್.

"ಯಾಕೆ ಅಂದರೆ? ನಾಳೆ ಅಮೂಲ್ಯನಿಗೆ ಗಂಡು ನೋಡುವಾಗ ಅಜ್ಜಿಗೆ ಅದಿತ್ತಂತೆ ಅಂತ ಹೇಳುದಿಲ್ವಾ ಜನ?"

"ಅಜ್ಜಿ! ಐ ಆಮ್ ಇನ್ ಏಯ್ತ್ ಗ್ರೇಡ್!"

"ವರ್ಷ ಹೋಗುದು ಗೊತ್ತಾಗುದಿಲ್ಲ."

"ಅತ್ತೆ, ನಾನು ಪ್ರತಿ ವಾರ ನಿಂತು ಹೇಳುವುದು ಇದನ್ನೇ. ಮುಚ್ಚಿಡಬೇಡಿ ಅಂತ."

"ನೀನು ಆಫ್ರಿಕಾದವರಿಗೆ ಹೇಳು ಮಾಲತಿ. ಅವರು ಒಳ್ಳೆ ಜನ. ನಮ್ಮವರು ಬೇರೆ."

ಮಾಹ್ಲೆತ್ ನಗಬೇಕೋ ಅಳಬೇಕೋ ತಿಳಿಯದೆ ಪಾತ್ರೆ ತೊಳೆಯಲು ಹೋದಳು.

ಆಪರೇಷನ್ ಈಸ್ಟರಿನ ನಂತರ ಸುಸೂತ್ರವಾಗಿ ಆಯಿತು. ಆದರೆ ಎರಡು ವಾರ ಚಂದ್ರಾವತಿಯವರು ಹೊರಗೆ ಕಾಣಿಸಲಿಲ್ಲ. ಅದೇ ಬೀದಿಯ ಶ್ರೀಲಕ್ಷ್ಮಿ, ಬೆಂಗಳೂರಿನವಳು, ಕನ್ನಡ ಸಂಘದ ಎಲ್ಲ ಕಾರ್ಯಕ್ರಮಗಳಿಗೆ ಓಡಾಡುವವಳು, ಬಿಸಿಬೇಳೆಬಾತಿನ ಡಬ್ಬಿ ಹಿಡಿದು ಬಾಗಿಲು ತಟ್ಟಿದಳು.

"ಏನ್ ಆಂಟಿ, ಸತ್ಸಂಗಕ್ಕೂ ಬರ್ತಿಲ್ಲ, ವಾಕಿಂಗೂ ಬರ್ತಿಲ್ಲ?"

"ಮಂಡಿ," ಎಂದರು ಚಂದ್ರಾವತಿ. ಬಾಯಿಗೆ ಬಂದದ್ದು ಅದೇ. "ಮಂಡಿ ನೋವು. ಸಣ್ಣ ಆಪರೇಷನ್."

ಆ ಒಂದು ಮಾತು ಮನೆಗೆ ದೊಡ್ಡ ಉಪದ್ರವ ತಂದಿತು. ಸುದ್ದಿ ವಾಟ್ಸಾಪಿನಲ್ಲಿ ಹರಿಯಿತು. ಒಬ್ಬರು ಮಹಾನಾರಾಯಣ ತೈಲ ಕಳಿಸಿದರು, ಇನ್ನೊಬ್ಬರು ಮಂಡಿಗೆ ಹಾಕುವ ಪಟ್ಟಿ ಕಳಿಸಿದರು. ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಎಂಬ ಊರಿನಲ್ಲಿದ್ದ ಯಾರದೋ ಅಕ್ಕ ಫೋನು ಮಾಡಿ, ತಾನು ಎರಡೂ ಮಂಡಿ ಬದಲಾಯಿಸಿಕೊಂಡ ಕಥೆಯನ್ನು ಒಂದು ಗಂಟೆ ಹೇಳಿದಳು. ಯಾರಾದರೂ ಬಂದರೆ ಚಂದ್ರಾವತಿಯವರು ಸೋಫಾದಿಂದ ಕುಂಟುತ್ತಾ ಏಳಬೇಕಾಯಿತು.

ಒಂದು ಸಂಜೆ ಶ್ರೀಲಕ್ಷ್ಮಿ ಹುಬ್ಬು ಗಂಟಿಕ್ಕಿದಳು. "ಆಂಟಿ, ಹೋದ್ವಾರ ಬಲಗಾಲಲ್ವಾ?"

ಚಂದ್ರಾವತಿಯವರು ಎಡಗಾಲನ್ನು ನೋಡಿಕೊಂಡರು. ಪಕ್ಕದಲ್ಲಿದ್ದ ಜೇನಮ್ಮ ಕೂಡಲೇ ಅವರ ಬೆನ್ನಿಗೆ ಕೈಹಾಕಿ, "ನೋವು ನಡೆಯುತ್ತೆ. ಇಲ್ಲಿಂದ ಅಲ್ಲಿಗೆ," ಎಂದು ಬಲ ಮಂಡಿಯಿಂದ ಎಡ ಮಂಡಿಗೆ ಬೆರಳಲ್ಲಿ ದಾರಿ ತೋರಿಸಿದರು. ಶ್ರೀಲಕ್ಷ್ಮಿ ಗಾಬರಿಯಾಗಿ, ಅದು ಬಹಳ ಸೀರಿಯಸ್ ಇರಬೇಕೆಂದು ಹೇಳಿ ಹೋದಳು.

ರೋಗ ಪತ್ತೆಯಾದ ದಿನದಿಂದಲೂ ಜೇನಮ್ಮ ಬೇರೆಯವರೇ ಆಗಿದ್ದರು. ಬೆಳಿಗ್ಗೆ ಬೀಗಿತ್ತಿಯ ಕೂದಲು ಬಾಚುತ್ತಿದ್ದರು. ಮೂಲೆಯಲ್ಲಿ ಕೂತು ತಮ್ಮ ಊರಿನ ರೂಢಿಯಂತೆ ಕಾಫಿ ಬೀಜ ಹುರಿದು, ಹೊಗೆಯನ್ನು ಕೈಯಿಂದ ಬೀಸಿ ಅವರ ಮೂಗಿನ ಕಡೆಗೆ ಕಳಿಸುತ್ತಿದ್ದರು. ಬೈಗುಳವಿಲ್ಲದ ಆ ಪ್ರೀತಿ ಚಂದ್ರಾವತಿಯವರಿಗೆ ಕಿರಿಕಿರಿಯಾಯಿತು. "ಇವರು ಜಗಳ ಆಡದಿದ್ದರೆ ನಾನು ಸಾಯ್ತೇನೆ ಅಂತಲೇ ಅನಿಸ್ತದೆ," ಎಂದು ಮಗನ ಹತ್ತಿರ ದೂರಿದರು.

ಮೇ ತಿಂಗಳ ಒಂದು ಶನಿವಾರ ಜೇನಮ್ಮ ಅವರನ್ನು ಮಾತೇ ಕೇಳದೆ ಹೊರಡಿಸಿದರು. ಮಾಹ್ಲೆತ್ ಕಾರು ಓಡಿಸಿದಳು. ಮನೆಯಿಂದ ಮುಕ್ಕಾಲು ಗಂಟೆ ದಾರಿಯ ಅಲೆಕ್ಸಾಂಡ್ರಿಯಾ ಎಂಬ ಊರಿನ ಚರ್ಚೊಂದರ ಕೆಳಗಿನ ಹಾಲಿನಲ್ಲಿ ಆ ಹೆಂಗಸರ ಸಂಘ ಸೇರಿತ್ತು. ಇಥಿಯೋಪಿಯಾ, ಕ್ಯಾಮರೂನ್, ಘಾನಾ, ಸಿಯೆರಾ ಲಿಯೋನ್, ಎಲ್ಲ ಕಡೆಯವರಿದ್ದರು. ಎಲ್ಲರ ತಲೆಯ ಮೇಲೂ ಬಣ್ಣಬಣ್ಣದ ಬಟ್ಟೆ. ಕಾಂಜೀವರಂ ಸೀರೆಯುಟ್ಟು ಬಂದ ಹೊಸಬರನ್ನು ನೋಡಿ ಘಾನಾದ ಎಫುವಾ ಎಂಬ ಎತ್ತರದ ಹೆಂಗಸು ಪಕ್ಕದ ಕುರ್ಚಿ ಎಳೆದುಕೊಟ್ಟಳು.

"ಅಕ್ಕಾ, ನೀವು ಆಫ್ರಿಕಾದ ಯಾವ ಕಡೆಯವರು?"

"ಬ್ರಹ್ಮಾವರ," ಎಂದರು ಚಂದ್ರಾವತಿ.

"ಅದು ಕೀನ್ಯಾದ ಹತ್ತಿರವಾ?"

"ಹತ್ತಿರವೇ. ನಡುವೆ ಸಮುದ್ರ ಮಾತ್ರ," ಎಂದು ಜೇನಮ್ಮ ವಿಷಯ ಮುಗಿಸಿದರು.

ಒಬ್ಬೊಬ್ಬರೇ ಮಾತಾಡಿದರು. ಅರ್ಥವಾಗದ್ದನ್ನು ಮಾಹ್ಲೆತ್ ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದಳು. ಒಬ್ಬಳು ಗಂಟನ್ನು ಕುರು ಎಂದು ಹೇಳಿ ಎರಡು ವರ್ಷ ಮನೆಯವರಿಂದ ಮುಚ್ಚಿಟ್ಟಿದ್ದಳು. ಇನ್ನೊಬ್ಬಳು ಹೊಟ್ಟೆಹುಣ್ಣು ಎಂದು ಹೇಳಿಕೊಂಡಿದ್ದಳು. ಮತ್ತೊಬ್ಬಳು ಕೀಮೋಗೆ ಹೋಗುವಾಗಲೆಲ್ಲ ಚರ್ಚಿನ ಯಾತ್ರೆಗೆ ಹೋಗಿದ್ದೇನೆಂದು ಊರಿಗೆ ಹೇಳಿದ್ದಳು. ಇವಳಷ್ಟು ಭಕ್ತೆ ಇನ್ನಿಲ್ಲ ಎಂದು ಅತ್ತೆಮನೆಯವರು ಈಗಲೂ ಹೊಗಳುತ್ತಾರಂತೆ.

"ನನ್ನದು ಮಂಡಿ," ಎಂದುಬಿಟ್ಟರು ಚಂದ್ರಾವತಿ, ಇಂಗ್ಲಿಷಿನಲ್ಲಿ.

ಹಾಲಿಡೀ ತಿರುಗಿತು. "ಯಾವ ಮಂಡಿ?" ಎಂದಳು ಎಫುವಾ.

"ಅದೇ ನನಗೆ ಮರೆತು ಹೋಗುದು."

ಅಷ್ಟು ಜನ ಹೆಂಗಸರು ಒಟ್ಟಿಗೆ ನಕ್ಕದ್ದನ್ನು ಚಂದ್ರಾವತಿಯವರು ಬಹಳ ಕಾಲದಿಂದ ಕೇಳಿರಲಿಲ್ಲ. ಎಫುವಾ ಕಣ್ಣೊರೆಸಿಕೊಂಡು ತನ್ನ ಕಥೆ ಹೇಳಿದಳು. ಅವಳ ಒಂದು ಸ್ತನವನ್ನು ಪೂರ್ತಿ ತೆಗೆದಿದ್ದರು. "ನನಗೆ ಎರಡು ಇದ್ದವು, ಒಬ್ಬ ಗಂಡನೂ ಇದ್ದ. ಈ ಮೂರರಲ್ಲಿ ಯಾವುದನ್ನು ತೆಗೆಯಲಿ ಅಂತ ಡಾಕ್ಟರು ನನ್ನನ್ನು ಕೇಳಲೇ ಇಲ್ಲ," ಎಂದಳು. ಆಮೇಲೆ ಕೈಚೀಲದಿಂದ ಮೆತ್ತನೆಯ ಉಂಡೆಯೊಂದನ್ನು ತೆಗೆದಳು. ತೆಗೆದ ಸ್ತನದ ಜಾಗದಲ್ಲಿ ಬ್ರಾದ ಒಳಗೆ ಇಟ್ಟುಕೊಳ್ಳಲು ಕೊಂಡದ್ದು, ಹತ್ತಿಯ ನೂಲಿನಲ್ಲಿ ಹೆಣೆದದ್ದು. "ಅಂಗಡಿಯವಳು ಇದನ್ನು ಚರ್ಮದ ಬಣ್ಣ ಅಂದಳು."

ಅದು ಎಳೆ ಹಂದಿಮರಿಯಷ್ಟು ಗುಲಾಬಿಯಾಗಿತ್ತು.

"ಯಾರ ಚರ್ಮ?" ಎಂದರು ಚಂದ್ರಾವತಿ. ಹೊಲಿಗೆ ಹಾಕಿದ ಜಾಗ ನೋಯುವಷ್ಟು ನಕ್ಕರು. ಉಂಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕ್ರೋಷಾ ಕಲಿಸಿದವರು. "ಹೆಣಿಗೆ ಸಡಿಲ ಉಂಟು. ಇದು ಒಂದು ವರ್ಷವೂ ಬಾಳುದಿಲ್ಲ. ನಾನು ಮಾಡಿಕೊಡ್ತೇನೆ. ಬಣ್ಣ ಎಂತದು ಬೇಕು ಹೇಳು."

ಎಫುವಾ ತನ್ನ ತೋಳು ಚಾಚಿದಳು. ಪಕ್ಕದವಳೂ ಚಾಚಿದಳು. ನೋಡುತ್ತಿದ್ದಂತೆ ಚಂದ್ರಾವತಿಯವರ ಸುತ್ತ ನಾನಾ ಬಗೆಯ ಕಂದು ಬಣ್ಣದ ತೋಳುಗಳು ಸಾಲಾಗಿ ನಿಂತವು.

ಅಂಗಡಿಯ ನೂಲಿನಲ್ಲಿ ಅಷ್ಟೊಂದು ಕಂದು ಸಿಗಲಿಲ್ಲ. ಬಿಳಿ ನೂಲನ್ನು ಕಾಫಿಯಲ್ಲಿ ಕುದಿಸೋಣ ಎಂದರು ಜೇನಮ್ಮ. ಎಷ್ಟು ಹೊತ್ತು ಕುದಿಸಬೇಕೆಂಬ ಬಗ್ಗೆ ಇಬ್ಬರಿಗೂ ಮತ್ತೆ ಜೋರು ಜಗಳ ಹತ್ತಿತು. ಮನೆಯಲ್ಲಿ ಎಲ್ಲರಿಗೂ ನೆಮ್ಮದಿಯಾಯಿತು. ಒಂದು ಬೆಳಿಗ್ಗೆ ಯತೀಶ ಒಲೆಯ ಮೇಲಿದ್ದ ಡಿಕಾಕ್ಷನ್ನಿಗೆ ಹಾಲು ಸಕ್ಕರೆ ಬೆರೆಸಿ ಅರ್ಧ ಲೋಟ ಕುಡಿದು, ಬಾಯಿಂದ ಉದ್ದದ ನೂಲನ್ನು ಹೊರಗೆಳೆದ.

"ಅಮ್ಮ, ಇದೇನು?"

"ಎಫುವಾನದ್ದು. ಮುಟ್ಬೇಡ," ಎಂದರು ತಾಯಿ.

ಆ ಮೇಲೆ ಅದೇನೆಂದು ವಿವರವಾಗಿ, ಬಾಯಿ ಬಿಟ್ಟು ಹೇಳಿದರು. ಯತೀಶ ಕಾಫಿ ಬಿಟ್ಟು ಆಫೀಸಿಗೆ ಓಡಿದ.

ರೇಡಿಯೇಷನ್ ಜೂನಿನಲ್ಲಿ ಶುರುವಾಯಿತು. ಚಂದ್ರಾವತಿಯವರಿಗೆ ಸುಸ್ತು, ಎದೆಯ ಚರ್ಮದಲ್ಲಿ ಉರಿ. ಆದರೆ ಅವರ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ. ಈಸ್ಟರ್ ಮುಗಿದು ಬಹಳ ದಿನಗಳಾಗಿದ್ದವು. ಜೇನಮ್ಮ ಹೋಗಿರಲಿಲ್ಲ. ಮೊದಲು, ಈಸ್ಟರಿನ ನಂತರದ್ದು ಹಬ್ಬದ ಕಾಲ, ಆಗ ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು ಎಂದರು. ಆಮೇಲೆ ಚಂದೂವನ್ನು ಯಾರು ನೋಡಿಕೊಳ್ಳುತ್ತಾರೆ ಎಂದರು. ಈಗ ಮತ್ತೆ ಉಪವಾಸ ಬಂದಿತ್ತು. ಅಪೊಸ್ತಲರೆಂಬ ಸಂತರ ಹೆಸರಿನ ಉಪವಾಸವಂತೆ.

ಒಂದು ಮಧ್ಯಾಹ್ನ ಜೇನಮ್ಮ ಬೀಗಿತ್ತಿಗಾಗಿ ಗಂಜಿ, ತಿಳಿಸಾರು ಮಾಡಿ ತಂದಿಟ್ಟರು. ಚಂದ್ರಾವತಿಯವರು ತಟ್ಟೆ ದೂಡಿದರು.

"ಬೇಡ. ನನಗೂ ಉಪವಾಸ."

"ಚಂದೂಗೆ ಯಾವ ಉಪವಾಸ?"

"ಜೇನಮ್ಮನ ಉಪವಾಸ. ನೀವು ಟೆಸ್ಟಿಗೆ ಹೋಗುವ ತನಕ."

"ನಿನಗೆ ಲೈಟ್ ಕೊಡ್ತಾರೆ. ತಿನ್ನಬೇಕು."

"ನೀವು ಆಣೆ ಮಾಡಿದ್ದು ನೆನಪಿರಬೇಕು."

ರಾತ್ರಿಯೂ ಅವರು ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅದಕ್ಕೆ ಜೇನಮ್ಮ, ಚಂದೂ ತಿನ್ನದಿದ್ದರೆ ತಾನೂ ತಿನ್ನುವುದಿಲ್ಲ ಎಂದು ಸೌಟು ಕೆಳಗಿಟ್ಟರು. ಅಡುಗೆ ಮಾಡುವ ಇಬ್ಬರೂ ಮುಷ್ಕರ ಹೂಡಿದ ಮೇಲೆ ಮನೆ ಅಲ್ಲಾಡಿತು. ಯತೀಶ ಕುಕ್ಕರಿಗೆ ನೀರು ಹಾಕಲು ಮರೆತು ಅನ್ನ ಸೀಯಿಸಿದ. ಅಮೂಲ್ಯಾ ಪಿಜ್ಜಾ ತರಿಸಿ, ಇಬ್ಬರು ಅಜ್ಜಿಯರ ನಡುವೆ ಕೂತು ಬೇಕೆಂದೇ ಚಪ್ಪರಿಸಿಕೊಂಡು ತಿಂದಳು. ಯಾರೂ ಸೋಲಲಿಲ್ಲ.

ಮರುದಿನ ಕೆಲಸದಿಂದ ಬಂದ ಮಾಹ್ಲೆತ್ ಮುಚ್ಚಿಟ್ಟ ತಟ್ಟೆಗಳು ಹಾಗೇ ಇರುವುದನ್ನು ನೋಡಿದಳು. ಅವಳು ದನಿ ಎತ್ತಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಊರಲ್ಲಿರುವ ಹೆಂಗಸರಿಗೆಲ್ಲ ನಾನು ಹೇಳುತ್ತೇನೆ, ಅವರು ಕೇಳುತ್ತಾರೆ! ನನ್ನ ಮನೆಯಲ್ಲಿ ಇಬ್ಬರು ಅಮ್ಮಂದಿರು. ಒಬ್ಬರು ಟೆಸ್ಟಿಗೆ ಹೋಗುವುದಿಲ್ಲ, ಒಬ್ಬರು ಊಟ ಮಾಡುವುದಿಲ್ಲ! ನಿಮಗೇನಾದರೂ ಆದರೆ ನಾನು ಎಲ್ಲಿಗೆ ಹೋಗಲಿ?" ಎಂದು ಕೂಗಿ, ಗರಾಜಿಗೆ ಹೋಗಿ ಕಾರಿನೊಳಗೆ ಕೂತು ಅತ್ತಳು. ಯತೀಶ ಹಿಂದೆಯೇ ಹೋದ.

ಅಡುಗೆಮನೆಯಲ್ಲಿ ಬೀಗಿತ್ತಿಯರಿಬ್ಬರೇ ಉಳಿದರು. ಜೇನಮ್ಮ ಬಾಯಿ ತೆರೆದರು. ಮಾತು ತುಂಡುತುಂಡಾಗಿ ಬಂತು.

"ನನ್ನ ತಂಗಿ ಅಲ್ಮಾಜ್. ಅವಳಿಗೆ ಬಂತು. ಆಡಿಸಿನಲ್ಲಿ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕಾಫಿ ಕುಡಿಯೋದು, ಒಂದು ದಿನ ಇವರ ಮನೆ, ಒಂದು ದಿನ ಅವರ ಮನೆ. ಅವಳಿಗೆ ಬಂದ ಮೇಲೆ ಯಾರೂ ಬರಲಿಲ್ಲ. ನಾನು ಕಾಫಿ ಹುರಿದೆ, ವಾಸನೆ ಹೋಯ್ತು ಬೀದಿಗೆ. ಯಾರೂ ಬರಲಿಲ್ಲ. ಅವಳು ಬಾಗಿಲು ನೋಡ್ತಾ ಇದ್ದಳು. ರೋಗ ನನಗೆ ಹೆದರಿಕೆ ಇಲ್ಲ ಚಂದೂ. ಆ ಬಾಗಿಲು ಹೆದರಿಕೆ."

ಚಂದ್ರಾವತಿಯವರು ಅವರ ಕೈ ಹಿಡಿದುಕೊಂಡರು. ತಮ್ಮ ಮಂಡಿಯ ಸುಳ್ಳು ಅವರಿಗೆ ನೆನಪಾಗಿರಬೇಕು. ಆಮೇಲೆ ಕೇಳಿದರು: "ನನಗೆ ಬಂತು. ನೀವು ನನಗೆ ಕಾಫಿ ಕೊಡುದು ನಿಲ್ಲಿಸಿದ್ರಾ?"

"ಇಲ್ಲ."

"ಆ ಚರ್ಚಿನವರು ಬಿಟ್ರಾ? ವಾರಕ್ಕೆ ನಾಲ್ಕು ಸಲ ಫೋನ್ ಮಾಡ್ತಾಳೆ ಎಫುವಾ, ಬಣ್ಣ ಹಿಡೀತಾ ಅಂತ. ಮತ್ತೆ ನಿಮಗೆ ಬಂದ್ರೆ ನಾನು ಬಿಟ್ಟು ಹೋಗ್ತೇನಾ? ಎಲ್ಲಿಗೆ ಹೋಗುದು ನಾನು, ನನಗೆ ಡ್ರೈವಿಂಗೂ ಬರುದಿಲ್ಲ!"

ಜೇನಮ್ಮ ಅಳುತ್ತಲೇ ನಕ್ಕರು. ಗಂಜಿಯನ್ನು ಮತ್ತೆ ಬಿಸಿ ಮಾಡಿದರು. ಒಂದೇ ತಟ್ಟೆಯಿಂದ ಇಬ್ಬರೂ ತಿಂದರು. ಪ್ರೀತಿಯಿಂದ ತುತ್ತು ಮಾಡಿ ಇನ್ನೊಬ್ಬರ ಬಾಯಿಗಿಡುವುದು ಜೇನಮ್ಮನ ಕಡೆಯ ರೂಢಿ. ಚಂದ್ರಾವತಿಯವರು ಈ ಸಲ ಎಂಜಲು ಎನ್ನದೆ ಬಾಯಿ ತೆರೆದರು.

ಅಪೊಸ್ತಲರ ಉಪವಾಸ ಮುಗಿಯುವ ಮೊದಲೇ ಜೇನಮ್ಮ ಆಸ್ಪತ್ರೆಗೆ ಹೋದರು. ಒಳಗೆ ಹೋಗುವವರೆಗೂ ಚಂದ್ರಾವತಿಯವರ ಸೆರಗನ್ನು ಬಿಡಲಿಲ್ಲ. ಮೂರು ದಿನದ ನಂತರ ಮಾಹ್ಲೆತ್ ಫೋನ್ ನೋಡಿ, "ಏನೂ ಇಲ್ಲ! ಎಲ್ಲ ಸರಿ ಇದೆ!" ಎಂದು ತಾಯಿಯನ್ನು ತಬ್ಬಿಕೊಂಡಳು. ಚಂದ್ರಾವತಿಯವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ಸಂಜೆಯಾಗುವಷ್ಟರಲ್ಲಿ ಗೊಣಗತೊಡಗಿದರು.

"ಉಪದೇಶ ಮಾಡ್ಲಿಕ್ಕೆ ಹೋದವಳು ನಾನು, ನನಗೆ ಬಂತು. ಇಷ್ಟು ವರ್ಷ ತಪ್ಪಿಸಿಕೊಂಡವರಿಗೆ ಎಂತದೂ ಇಲ್ಲ. ಇದು ಯಾವ ನ್ಯಾಯ?"

"ಚಂದೂ, ನನಗೂ ಬೇಕಿತ್ತಾ?"

"ಅಯ್ಯೋ ಬೇಡ, ಬೇಡ! ನನ್ನ ಬಾಯಿಗೆ ಮಣ್ಣು ಹಾಕ."

ಸೆಪ್ಟೆಂಬರಿನಲ್ಲಿ ಕನ್ನಡ ಸಂಘದ ಗಣೇಶನ ಹಬ್ಬ. ಹೈಸ್ಕೂಲೊಂದರ ಕೆಫೆಟೇರಿಯಾದಲ್ಲಿ ಊಟ. ಚಂದ್ರಾವತಿಯವರು ಈ ಸಲ ಬೀಗಿತ್ತಿಗೂ ಸೀರೆ ಉಡಿಸಿ ಕರೆತಂದಿದ್ದರು. ಹೆಂಗಸರ ಮೇಜಿನಲ್ಲಿ ಶ್ರೀಲಕ್ಷ್ಮಿ ಕೋಸಂಬರಿ ಬಡಿಸುತ್ತಾ ಕೇಳಿದಳು.

"ಆಂಟಿ, ಪರ್ಫೆಕ್ಟಾಗಿ ನಡೀತಿದೀರಲ್ಲ! ಮಂಡಿ ವಾಸಿ ಆಯ್ತಾ?"

"ಮಂಡಿಗೆ ಎಂತದೂ ಆಗಿರ್ಲಿಲ್ಲ ಮಗಾ," ಎಂದರು ಚಂದ್ರಾವತಿ. "ನಿಮಗೆಲ್ಲ ಸುಳ್ಳು ಹೇಳಿದ್ದು. ನನಗೆ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು. ಗಂಟು ತೆಗೆದ್ರು, ರೇಡಿಯೇಷನ್ ಕೊಟ್ರು. ಈಗ ಹುಷಾರಿದ್ದೇನೆ. ಆ ತೈಲ ಎಲ್ಲ ಹಾಗೇ ಉಂಟು, ಬೇಕಾದವರು ವಾಪಸು ತಕ್ಕೊಳ್ಳಿ."

ಎದುರಿನ ಹೆಂಗಸೊಬ್ಬಳು ಪಾಯಸದ ಲೋಟವನ್ನು ಬಾಯಿಯವರೆಗೆ ತಂದು ಅಲ್ಲೇ ಹಿಡಿದುಕೊಂಡಳು. ಇನ್ನೊಬ್ಬರು ಮೆಲ್ಲಗೆ ಬಾಗಿ, "ಆಂಟಿ, ಸ್ವಲ್ಪ ಮೆಲ್ಲಗೆ. ಗಂಡಸರಿದ್ದಾರೆ," ಎಂದರು.

"ಇದ್ದರೆ ಇರ್ಲಿ. ಅವರಿಗೂ ಅಮ್ಮಂದಿರು ಇಲ್ವಾ? ನೀವು ಯಾರೆಲ್ಲ ಟೆಸ್ಟ್ ಮಾಡಿಸಿದ್ದೀರಿ, ಹೇಳಿ ನೋಡುವ."

ಒಬ್ಬರು ಮುಂದಿನ ವರ್ಷ ಎಂದರು. ಒಬ್ಬರು ಮಗನ ಕಾಲೇಜು ಅಡ್ಮಿಷನ್ ಮುಗಿಯಲಿ ಎಂದರು. ಶ್ರೀಲಕ್ಷ್ಮಿ ಪಾತ್ರೆಯ ತಳ ಕೆರೆಯುತ್ತಾ, "ಬ್ಯುಸಿ ಆಂಟಿ, ಟೈಮೇ ಸಿಗಲ್ಲ," ಎಂದಳು. ಎಲ್ಲರದೂ ಒಂದೊಂದು ಕಾರಣ.

ಅಷ್ಟೂ ಕಾರಣಗಳನ್ನು ಕೇಳಿಸಿಕೊಂಡ ಜೇನಮ್ಮ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಷ್ಟು ವರ್ಷ ಅಡುಗೆಮನೆಯಲ್ಲಿ ಕಲಿತ ಕನ್ನಡದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಏಯ್, ಕೇಳು. ನಾನು ದೊಡ್ಡ ಕಳ್ಳಿ. ನನ್ನ ಹತ್ತಿರ ಎಲ್ಲ ಕಾರಣ ಇತ್ತು, ನಿನ್ನದಕ್ಕಿಂತ ಒಳ್ಳೇದು. ಈಗ ಹೇಳ್ತೀನಿ. ಹೋಗು. ಒತ್ತುತ್ತಾರೆ. ಬಿಡ್ತಾರೆ. ಮನೆಗೆ ಬಾ. ಊಟ ಮಾಡು. ಮುಗೀತು. ಏನಾದ್ರೂ ಸಿಕ್ಕರೆ ಹೆದರಬೇಡ. ನಾನು ಬರ್ತೀನಿ. ಕಾಫಿ ತರ್ತೀನಿ."

ಮೊದಲು ನಕ್ಕವಳು ಶ್ರೀಲಕ್ಷ್ಮಿ. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು. ಕೋಸಂಬರಿಯ ಪಾತ್ರೆ ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಮಾಹ್ಲೆತ್‌ಳ ಪಕ್ಕ ಬಂದು ಕೂತಳು. "ಮಾಹ್ಲೆತ್, ಯಾವ ಕ್ಲಿನಿಕ್? ನಂಬರ್ ಕೊಡಿ. ನನ್ನ ಅಮ್ಮನೂ ಬಂದಿದ್ದಾರೆ, ಇಬ್ಬರಿಗೂ ಬೇಕು," ಎಂದಳು. ಅವಳ ಹಿಂದೆ ಇನ್ನಿಬ್ಬರು ಫೋನ್ ತೆಗೆದರು.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಚಂದ್ರಾವತಿಯವರು ಪಾಠ ಶುರುಮಾಡಿದರು.

"ಅಷ್ಟು ಜನ ದೊಡ್ಡವರ ಎದುರು ಏಯ್ ಅಂತ ಹೇಳುದಾ ಜೇನಮ್ಮ? ಹೋಗು, ಬಾ ಅನ್ಬಾರದು. ಹೋಗಿ, ಬನ್ನಿ, ಊಟ ಮಾಡಿ ಅನ್ಬೇಕು."

"ಹೋಗಿ ಅಂದ್ರೆ ಅವರು ಹೋಗ್ತಾರಾ?"

ಚಂದ್ರಾವತಿಯವರು ಸ್ವಲ್ಪ ಯೋಚಿಸಿದರು.

"ಇಲ್ಲ," ಎಂದರು. "ಹೋಗು ಅಂತಲೇ ಹೇಳಿ."